ಸುರಕ್ಷಿತ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಲ್ಲೂ ಮೆಮೊರಿ ಕೆಡುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ಅಂಗಡಿಗಳಲ್ಲಿ ಈಗ ತೂಕದ ಮಿಷನ್ನಿನ ಪಕ್ಕದಲ್ಲೇ ಕಂಪ್ಯೂಟರ್ ಇರುವುದು ಹೊಸತೇನಲ್ಲ. ಗೋಣಿ ಮಿಷನ್ನಿನ ಮೇಲೆ ಕೂತರೆ ತೂಕ ಪರದೆಗೆ ಬರುತ್ತದೆ, ಕೃಷಿಕರ ಹೆಸರು ಸೇರಿಸಿದರೆ ಚೀಟಿ ಹೊರಬರುತ್ತದೆ. ಇಂಥ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವವರು ನಮ್ಮ ಊರಿನ ಹುಡುಗ ಹುಡುಗಿಯರೇ. ಕನ್ನಡ ಮಾಧ್ಯಮದಲ್ಲಿ ಓದಿ, ಪೊವ್ವಲಿನಲ್ಲೋ ಮಂಗಳೂರಿನಲ್ಲೋ ಇಂಜಿನಿಯರಿಂಗ್ ಮುಗಿಸಿ, ಪೈಥಾನ್, ಸಿ ಶಾರ್ಪ್, ಜಾವಾದಲ್ಲಿ ಕೆಲಸ ಮಾಡುವವರು. ಅವರಲ್ಲಿ ಹಲವರ ಬಾಯಲ್ಲಿ ಒಂದು ಮಾತು ಕೇಳುತ್ತಿರುತ್ತೇನೆ: "ಸರ್, ಮೆಮೊರಿ ತಪ್ಪೆಲ್ಲ ಸಿ ಭಾಷೆಯವರ ತಲೆನೋವು. ನಾವು ಬರೆಯುವುದು ಸುರಕ್ಷಿತ ಭಾಷೆಯಲ್ಲಿ, ನಮಗೆ ಆ ಭಯ ಇಲ್ಲ."

ಆ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಬಗ್ಗೆ ಈ ಲೇಖನ. ಸುರಕ್ಷಿತ ಭಾಷೆಯ ಒಳಗಿಂದಲೇ ಹಸಿ ಮೆಮೊರಿಯನ್ನು, ಅಂದರೆ ಭಾಷೆಯ ಕಾವಲಿಲ್ಲದ ಮೆಮೊರಿಯನ್ನು, ಮುಟ್ಟುವ ಬಾಗಿಲು ಹೆಚ್ಚಿನ ಭಾಷೆಗಳಲ್ಲಿ ಇದೆ. ಆ ಬಾಗಿಲು ತೆಗೆದಾಗ ಆಗುವ ಹಾನಿ ಬಾಗಿಲ ಬಳಿಯೇ ಉಳಿಯುವುದಿಲ್ಲ, ಅದಕ್ಕೆ ಕಾರಣವೂ ಬಹಳ ಸಲ ಬಾಗಿಲ ಬಳಿ ಇರುವುದಿಲ್ಲ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂದು ನನ್ನ ನಂಬಿಕೆ.

ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗದ ವಿಳಾಸ, ಬರೀ ಒಂದು ಸಂಖ್ಯೆ. 64 ಬಿಟ್‌ನ ಕಂಪ್ಯೂಟರಿನಲ್ಲಿ ಅದು 8 ಬೈಟ್ ಉದ್ದ. ಆ ಸಂಖ್ಯೆಯನ್ನು ನೋಡಿದರೆ ಅಲ್ಲಿ ಏನಿದೆ, ಎಷ್ಟು ಉದ್ದಕ್ಕಿದೆ, ಇನ್ನೂ ಇದೆಯೋ ಇಲ್ಲವೋ ಎಂಬುದು ಯಾವುದೂ ತಿಳಿಯುವುದಿಲ್ಲ. ನಮ್ಮ ಪಂಚಾಯತಿಗಳಲ್ಲಿ ಮನೆ ನಂಬರು ವಾರ್ಡ್ ನಂಬರಿನ ಜೊತೆ ಸೇರಿರುತ್ತದೆಯಲ್ಲ, ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದಾಗ ಹಳೆಯ ನಂಬರು ಇನ್ನೊಬ್ಬರ ಮನೆಗೆ ಹೋಗಿಬಿಡುತ್ತದೆ. ಹಳೆಯ ನಂಬರು ಬರೆದಿಟ್ಟುಕೊಂಡು ಹೋದವನು ಬಾಗಿಲು ತಟ್ಟುವುದು ಯಾರದೋ ಮನೆಯದ್ದು. ನಂಬರಿನಲ್ಲಿ ತಪ್ಪೇನೂ ಕಾಣುವುದಿಲ್ಲ, ಮನೆಯೂ ಇದೆ, ಆದರೆ ಒಳಗಿರುವವರು ಬೇರೆ. ಹಸಿ ಪಾಯಿಂಟರಿನ ಪಾಡು ಇದೇ.

ಸುರಕ್ಷಿತ ಭಾಷೆಗಳು ಈ ಸಂಖ್ಯೆಯನ್ನು ಸಾಮಾನ್ಯವಾಗಿ ನಮ್ಮ ಕೈಗೆ ಕೊಡುವುದಿಲ್ಲ. ಅರೇಯ (ಒಂದರ ಪಕ್ಕ ಒಂದು ಜೋಡಿಸಿಟ್ಟ ಬೆಲೆಗಳ ಸಾಲಿನ) ಹೊರಗೆ ಕೈ ಹಾಕಿದರೆ ಅಲ್ಲೇ ತಡೆಯುತ್ತವೆ. ಒಂದು ವಸ್ತು ಯಾರಿಗಾದರೂ ಬೇಕಿರುವವರೆಗೆ ಅದನ್ನು ಅಳಿಸುವುದಿಲ್ಲ. ಸಿ ಶಾರ್ಪ್, ಜಾವಾ, ಗೋ, ಪೈಥಾನ್‌ಗಳಲ್ಲಿ ಈ ಕೆಲಸವನ್ನು ಪ್ರೋಗ್ರಾಮ್ ಓಡುವಾಗ ಗಾರ್ಬೇಜ್ ಕಲೆಕ್ಟರ್ (ಬೇಡದ ವಸ್ತುಗಳನ್ನು ಮೆಮೊರಿಯಿಂದ ತೆಗೆಯುವ ಭಾಗ) ಮತ್ತು ರನ್‌ಟೈಮ್ (ಪ್ರೋಗ್ರಾಮನ್ನು ಓಡಿಸುವ ವ್ಯವಸ್ಥೆ) ನೋಡಿಕೊಳ್ಳುತ್ತವೆ. ರಸ್ಟ್‌ನಲ್ಲಿ ವಸ್ತುವಿನ ಆಯುಸ್ಸನ್ನು ಕಂಪೈಲರೇ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಮುಂಚಿತವಾಗಿ ಲೆಕ್ಕ ಹಾಕಿ, ಅನುಮಾನ ಬಂದರೆ ಕೋಡನ್ನು ಒಪ್ಪುವುದೇ ಇಲ್ಲ.

ಹಾಗಾದರೆ ಆ ಬಾಗಿಲು ಯಾಕೆ ಬೇಕು? ಜಗತ್ತಿನ ಬಹಳಷ್ಟು ಕೆಲಸ ಇನ್ನೂ ಸಿ ಭಾಷೆಯಲ್ಲೇ ನಡೆಯುತ್ತಿದೆ. ಪೈಥಾನ್ ಕೋಡನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಸ್ವತಃ ಸಿ ಕೋಡ್. ಮಾಹಿತಿ ಸಂಗ್ರಹಿಸಿಡುವ ಎಸ್‌ಕ್ಯುಲೈಟ್ ಡೇಟಾಬೇಸ್ ಸಿ ಕೋಡ್. ತೂಕದ ಮಿಷನ್, ಬೆರಳಚ್ಚಿನ ಯಂತ್ರ, ಪ್ರಿಂಟರ್ ಇವುಗಳ ಜೊತೆ ಕಂಪನಿಯವರು ಕೊಡುವ ಲೈಬ್ರರಿಯೂ (ಸಿದ್ಧ ಕೋಡಿನ ಕಟ್ಟು) ಸಾಮಾನ್ಯವಾಗಿ ಸಿ ಅಥವಾ ಸಿ ಪ್ಲಸ್ ಪ್ಲಸ್. ಅವುಗಳ ಜೊತೆ ಮಾತಾಡಬೇಕೆಂದರೆ ಅವುಗಳ ಭಾಷೆಯಲ್ಲೇ, ಅಂದರೆ ವಿಳಾಸ ಮತ್ತು ಉದ್ದಗಳ ಭಾಷೆಯಲ್ಲಿ ಮಾತಾಡಬೇಕು. ವೇಗಕ್ಕಾಗಿ ಬಾಗಿಲು ತೆಗೆಯುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅದು ನಿಜವಾಗಿ ಬೇಕಾಗುವುದು ಬಹಳ ಕಡಿಮೆ ಕಡೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ಕಲ್ಪಿಸಿಕೊಂಡ ಅಂಗಡಿ, ಆದರೆ ಇಲ್ಲಿನ ಒಂದೊಂದು ಬೈಟಿನ ಲೆಕ್ಕವೂ ನಿಜ.

ತೂಕದ ಲೈಬ್ರರಿ ಚೀಟಿ ಮುದ್ರಿಸಲು ಒಂದು ಕೋಷ್ಟಕ ಕೇಳುತ್ತದೆ ಎನ್ನೋಣ. ಮೊದಲ 32 ಬೈಟ್ ಕೃಷಿಕರ ಹೆಸರಿಗೆ, ಅದರ ಬೆನ್ನಿಗೇ 4 ಬೈಟ್ ತೂಕಕ್ಕೆ, ಗ್ರಾಂ ಲೆಕ್ಕದಲ್ಲಿ. ಹೆಸರಿನ ಕೊನೆಗೆ ಒಂದು ಸೊನ್ನೆ ಬೈಟ್ ಇರಬೇಕು, ಹೆಸರು ಮುಗಿಯಿತು ಎಂದು ಸಿ ಭಾಷೆಗೆ ತಿಳಿಯುವುದು ಅದರಿಂದ. ಹಾಗಾಗಿ ಹೆಸರಿಗೆ ಸಿಗುವುದು 31 ಬೈಟ್. ಸಿ ಶಾರ್ಪ್‌ನಲ್ಲಿ ಬರೆಯುವ ಹುಡುಗ ಜಾಗ್ರತೆಯವನೇ. ಹೆಸರಿನ ಉದ್ದ 31ಕ್ಕಿಂತ ಹೆಚ್ಚಿದ್ದರೆ ಬೇಡ ಎಂದು ಪರೀಕ್ಷೆ ಇಟ್ಟಿದ್ದಾನೆ. ಆಮೇಲೆ ಅನ್‌ಸೇಫ್ ಎಂದು ಬರೆದು (ಬಾಗಿಲು ತೆಗೆಯುತ್ತಿದ್ದೇನೆ ಎಂದು ಭಾಷೆಗೆ ಹೇಳುವ ಪದ ಅದು), ಪಾಯಿಂಟರ್ ಹಿಡಿದು, ಮೊದಲು ತೂಕ ತುಂಬಿ, ಬಳಿಕ ಹೆಸರನ್ನು ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಒಂದು ಪದ್ಧತಿ) ಬೈಟುಗಳಾಗಿ ನಕಲು ಮಾಡುತ್ತಾನೆ. ಇಂಗ್ಲಿಷಿನಲ್ಲಿ ಹೆಸರು ಹಾಕಿ ಪರೀಕ್ಷಿಸಿದರೆ ಎಲ್ಲ ಸರಿ. ಕನ್ನಡದಲ್ಲಿ ‘ರವಿ’ ಎಂದು ಹಾಕಿದರೂ ಸರಿ.

ಈಗ ‘ಸುಬ್ರಹ್ಮಣ್ಯ’ ಎಂದು ಹಾಕಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ: ಸು, ಬ್ರ, ಹ್ಮ, ಣ್ಯ. ಯುನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಟ್ಟ ಪಟ್ಟಿ) ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ ಎಲ್ಲ ಬೇರೆ ಬೇರೆ, ಒಟ್ಟು 11. ಸಿ ಶಾರ್ಪ್ ಹೇಳುವ ಉದ್ದವೂ 11. ಪರೀಕ್ಷೆ ಸುಲಭದಲ್ಲಿ ಪಾಸಾಗುತ್ತದೆ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 11ನ್ನು 3ರಿಂದ ಗುಣಿಸಿದರೆ 33. ಕೊನೆಯ ಸೊನ್ನೆ ಸೇರಿ 34. ಇರುವ ಜಾಗ 32.

ಸುರಕ್ಷಿತ ಅರೇ ಆಗಿದ್ದರೆ ಇಲ್ಲಿ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತಿತ್ತು. ಪಾಯಿಂಟರಿಗೆ ಆ ಬುದ್ಧಿ ಇಲ್ಲ. 33ನೆಯ ಬೈಟ್, ಅಂದರೆ ‘ಯ’ದ ಕೊನೆಯ ತುಣುಕು, ಅದರ ಬೆಲೆ 175. 34ನೆಯದ್ದು ಸೊನ್ನೆ. ಇವೆರಡೂ ಹೋಗಿ ಕೂರುವುದು ತೂಕದ ಮೊದಲ ಎರಡು ಬೈಟುಗಳ ಮೇಲೆ. ನಾವು ದಿನಾ ಬಳಸುವ ಕಂಪ್ಯೂಟರುಗಳು ಸಂಖ್ಯೆಯ ಸಣ್ಣ ಭಾಗವನ್ನು ಮೊದಲು ಇಡುವುದರಿಂದ, ತೂಕದ ಕೆಳಗಿನ 16 ಬಿಟ್ ಅಳಿಸಿಹೋಗಿ ಅಲ್ಲಿ 175 ಉಳಿಯುತ್ತದೆ.

ಗೋಣಿ 65 ಕಿಲೋ ಇದ್ದರೆ, 65,000 ಗ್ರಾಂ ಪೂರ್ತಿ ಆ ಎರಡು ಬೈಟುಗಳಲ್ಲೇ ಹಿಡಿಯುವ ಸಂಖ್ಯೆ. ಅದು ಹೋಗಿ ಚೀಟಿಯಲ್ಲಿ ಬರುವುದು 175 ಗ್ರಾಂ. ಇದು ಒಳ್ಳೆಯ ತಪ್ಪು ಎನ್ನುತ್ತೇನೆ, ಯಾಕೆಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಗೋಣಿ 70 ಕಿಲೋ ಇದ್ದರೆ ಆಗುವುದು ಬೇರೆ. 70,000 ಎಂದರೆ 65,536 ಮತ್ತು 4,464. ಕೆಳಗಿನ 4,464 ಅಳಿಸಿ 175 ಬರುತ್ತದೆ, ಮೇಲಿನ 65,536 ಹಾಗೇ ಉಳಿಯುತ್ತದೆ. ಚೀಟಿಯಲ್ಲಿ 65.711 ಕಿಲೋ. ನೋಡಿದರೆ ಗೋಣಿಯ ತೂಕದ ಹಾಗೇ ಇದೆ. ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೂ ಕೃಷಿಕನಿಗೆ 1,700 ರೂಪಾಯಿಗೂ ಹೆಚ್ಚು ನಷ್ಟ. "ಮನೆಯಲ್ಲಿ ತೂಗಿ ತಂದದ್ದು ಎಪ್ಪತ್ತು, ನಿಮ್ಮಲ್ಲಿ ಅರವತ್ತೈದು ಹೇಗೆ ಆಗ್ತದೆ ಶೆಟ್ರೇ?" ಎಂದು ಆತ ಕೇಳಿದರೆ ಅಂಗಡಿಯವರಲ್ಲಿ ಉತ್ತರ ಇಲ್ಲ. ಮಿಷನ್ನಿನ ಮೇಲೆ ಕಲ್ಲಿಟ್ಟು ತೂಗಿ ನೋಡುತ್ತಾರೆ, ಸರಿಯಾಗಿಯೇ ಇದೆ. ವರ್ಷಗಳ ನಂಬಿಕೆಯ ವ್ಯವಹಾರದಲ್ಲಿ ಬಿರುಕು ಬೀಳುವುದಕ್ಕೆ ಅಷ್ಟು ಸಾಕು.

ಸಾಲುಗಳ ಕ್ರಮವನ್ನು ಅದಲುಬದಲು ಮಾಡಿದರೆ ರೋಗದ ಲಕ್ಷಣವೇ ಬೇರೆಯಾಗುತ್ತದೆ. ಮೊದಲು ಹೆಸರು, ಆಮೇಲೆ ತೂಕ ತುಂಬಿದರೆ, ತೂಕದ ಬೈಟುಗಳು ಹೆಸರಿನ ಬಾಲವನ್ನು ನುಂಗುತ್ತವೆ. ತೂಕ ಸರಿಯಾಗುತ್ತದೆ, ಹೆಸರು ಮಾತ್ರ ‘ಸುಬ್ರಹ್ಮಣ್’ ಎಂದಾಗಿ ಅದರ ಪಕ್ಕದಲ್ಲಿ ಒಂದು ಖಾಲಿ ಚೌಕ, ಜೊತೆಗೆ ಇಂಗ್ಲಿಷಿನ ಪಿ ಅಕ್ಷರ ಬರುತ್ತದೆ. 70,000ದ ಮೊದಲ ಬೈಟಿನ ಬೆಲೆ 112, ಅದು ಪಿ. ನೋಡಿದವರು ಫಾಂಟಿನ ತೊಂದರೆ ಎಂದು ಬಿಟ್ಟುಬಿಡುತ್ತಾರೆ. ಎರಡು ಸಾಮಾನ್ಯ ಸಾಲುಗಳ ಸ್ಥಾನ ಬದಲಾದದ್ದಕ್ಕೆ ದೋಷ ತೂಕದಿಂದ ಹೆಸರಿಗೆ ಜಿಗಿಯಿತು. ಮೆಮೊರಿ ದೋಷಗಳನ್ನು ಹುಡುಕುವುದು ಯಾಕೆ ಇಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಗೊತ್ತಿಲ್ಲ.

ಇಲ್ಲಿ ತಪ್ಪು ಇರುವುದೆಲ್ಲಿ ಎಂದು ಒಮ್ಮೆ ಕೇಳಿಕೊಳ್ಳಿ. ಅನ್‌ಸೇಫ್ ಎಂದು ಗುರುತು ಹಾಕಿದ ಸಾಲಿನಲ್ಲಿ ಅಲ್ಲ. ಅದು ಕೊಟ್ಟದ್ದನ್ನು ನಕಲು ಮಾಡಿತು, ಅಷ್ಟೇ. ತಪ್ಪು ಇರುವುದು ಮೇಲೆ, ಸಂಪೂರ್ಣ ಸುರಕ್ಷಿತವಾದ, ಯಾರೂ ಎರಡನೇ ಸಲ ನೋಡದ ಉದ್ದದ ಪರೀಕ್ಷೆಯಲ್ಲಿ. ಹುಡುಗ ಚಿಹ್ನೆ ಎಣಿಸಿದ, ಬೈಟ್ ಎಣಿಸಬೇಕಿತ್ತು. ಅನ್‌ಸೇಫ್ ಸಾಲು ಆ ಪರೀಕ್ಷೆಯನ್ನು ಕುರುಡಾಗಿ ನಂಬಿತ್ತು.

ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಚೀಟಿ ಕೊಡಬೇಕಾದ ನಮ್ಮ ಜಿಲ್ಲೆಯಲ್ಲಿ ಈ ತಪ್ಪಿಗೆ ಅವಕಾಶ ಇನ್ನೂ ಹೆಚ್ಚು. ಮಲಯಾಳಂ ಚಿಹ್ನೆಗಳಿಗೂ ತಲಾ 3 ಬೈಟ್. ‘ಕಾಸರಗೋಡು’ ಎಂಬ ಐದು ಅಕ್ಷರದ ಹೆಸರಿಗೆ 24 ಬೈಟ್ ಬೇಕು, ಇಂಗ್ಲಿಷಿನಲ್ಲಿ ಬರೆದರೆ 9. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷಿಸಿದ ಲೈಬ್ರರಿಗಳು ನಮ್ಮ ಹೆಸರುಗಳ ಎದುರು ಮೊದಲು ಮುಗ್ಗರಿಸುತ್ತವೆ. ಜಾಗ ಸಾಲದಿದ್ದರೆ ಹೆಸರನ್ನು ಕತ್ತರಿಸುವುದು ಸುಲಭದ ದಾರಿ, ಆದರೆ ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಚಿಹ್ನೆಯ ನಡುವೆ ಕತ್ತರಿ ಬೀಳುತ್ತದೆ, ಚಿಹ್ನೆಯ ಗಡಿಯಲ್ಲಿ ಕತ್ತರಿಸಿದರೂ ಒತ್ತಕ್ಷರ ಒಡೆಯುತ್ತದೆ. ದೊಡ್ಡ ಜಾಗ ಕೇಳುವುದೇ ಸರಿ. ಒಬ್ಬರ ಹೆಸರು ಅವರದೇ ಲಿಪಿಯಲ್ಲಿ ಪೂರ್ತಿ ಬರಬೇಕು, ಅದರಲ್ಲಿ ರಾಜಿ ಬೇಡ.

ಉದ್ದದ ತೊಂದರೆ ಇಷ್ಟಾಯಿತು. ಇದಕ್ಕಿಂತ ಮೋಸದ್ದು ಆಯುಸ್ಸಿನ ತೊಂದರೆ, ಅಂದರೆ ವಿಳಾಸ ಎಲ್ಲಿಯವರೆಗೆ ನಿಜ ಎಂಬ ಪ್ರಶ್ನೆ.

ಸಿ ಶಾರ್ಪ್‌ನ ಗಾರ್ಬೇಜ್ ಕಲೆಕ್ಟರ್ ಬೇಡದ ವಸ್ತುಗಳನ್ನು ತೆಗೆಯುವುದಷ್ಟೇ ಅಲ್ಲ, ಉಳಿದವನ್ನು ಒತ್ತೊತ್ತಾಗಿ ಜೋಡಿಸಲು ಜಾಗ ಬದಲಿಸುತ್ತದೆ. ಭಾಷೆಯ ಒಳಗಿನ ಉಲ್ಲೇಖಗಳನ್ನೆಲ್ಲ ಅದೇ ತಿದ್ದಿಕೊಳ್ಳುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ನಾವು ಹಸಿ ಸಂಖ್ಯೆಯಾಗಿ ಬರೆದಿಟ್ಟುಕೊಂಡ ವಿಳಾಸವನ್ನು ಅದು ತಿದ್ದುವುದಿಲ್ಲ, ಅದಕ್ಕೆ ಆ ಸಂಖ್ಯೆ ವಿಳಾಸ ಎಂಬುದೇ ಗೊತ್ತಿಲ್ಲ. ಅದಕ್ಕೇ ‘ಫಿಕ್ಸ್ಡ್’ ಎಂಬ ಪದ ಇರುವುದು: ಈ ಆವರಣ (ಕೋಡಿನ ಈ ತುಂಡು) ಮುಗಿಯುವವರೆಗೆ ಈ ವಸ್ತುವನ್ನು ಕದಲಿಸಬೇಡ ಎಂದು ಕಲೆಕ್ಟರಿಗೆ ಹೇಳುವ ರೀತಿ. ಆವರಣ ಮುಗಿದ ಕ್ಷಣ ಆ ಮಾತು ಮುಗಿಯಿತು.

ತೂಕದ ಲೈಬ್ರರಿ ‘ನನಗೊಂದು ಅರೇ ಕೊಡು, ಗೋಣಿಯ ತೂಕ ನಿಂತ ಮೇಲೆ ಅದರಲ್ಲಿ ತುಂಬುತ್ತೇನೆ’ ಎನ್ನುವ ಜಾತಿಯದ್ದಾಗಿದ್ದರೆ? ಫಿಕ್ಸ್ಡ್ ಆವರಣದೊಳಗೆ ವಿಳಾಸ ಕೊಟ್ಟು ನಾವು ಹೊರಬಂದಿರುತ್ತೇವೆ. ಲೈಬ್ರರಿ ಆ ವಿಳಾಸವನ್ನು ಜೇಬಿನಲ್ಲಿಟ್ಟುಕೊಂಡಿದೆ. ಎರಡು ಸೆಕೆಂಡಿನ ನಂತರ ತೂಕ ನಿಲ್ಲುತ್ತದೆ, ಲೈಬ್ರರಿ ಬರೆಯುತ್ತದೆ. ಅಷ್ಟರಲ್ಲಿ ಕಲೆಕ್ಟರ್ ಓಡಿರದಿದ್ದರೆ ಎಲ್ಲ ಕ್ಷೇಮ. ಓಡಿದ್ದರೆ, ಆ ಜಾಗದಲ್ಲಿ ಈಗ ಇನ್ಯಾವುದೋ ವಸ್ತು ಇದೆ, ಅದರ ಹೊಟ್ಟೆಯ ಮೇಲೆ ತೂಕ ಬೀಳುತ್ತದೆ. ಪರೀಕ್ಷಿಸುವಾಗ ಎರಡು ಮೂರು ಗೋಣಿ ತೂಗುತ್ತೇವೆ, ಕಲೆಕ್ಟರಿಗೆ ಓಡುವ ಅಗತ್ಯವೇ ಬರುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ದಿನವಿಡೀ ತೂಗುವಾಗ ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಮ್ ಕುಸಿಯುತ್ತದೆ, ಅದೂ ತೂಕಕ್ಕೆ ಸಂಬಂಧವೇ ಇಲ್ಲದ ಸಾಲಿನಲ್ಲಿ. ಬಹಳ ಸಲ ಕಲೆಕ್ಟರಿನ ಒಳಗೇ ಕುಸಿಯುತ್ತದೆ, ಯಾಕೆಂದರೆ ಕೆಟ್ಟ ವಸ್ತುವನ್ನು ಮೊದಲು ಮುಟ್ಟುವುದು ಅದೇ.

ಕಾಲ್‌ಬ್ಯಾಕ್‌ನದ್ದೂ, ಅಂದರೆ ಲೈಬ್ರರಿ ಆಮೇಲೆ ತಾನಾಗಿ ಕರೆಯಲಿ ಎಂದು ನಾವು ಕೊಡುವ ಫಂಕ್ಷನ್ನಿನದ್ದೂ, ಇದೇ ಕತೆ. ‘ತೂಕ ನಿಂತಾಗ ಈ ಫಂಕ್ಷನ್ನನ್ನು ಕರೆ’ ಎಂದು ಸಿ ಲೈಬ್ರರಿಗೆ ಕೊಟ್ಟು, ನಮ್ಮ ಕಡೆ ಅದನ್ನು ಯಾವುದೇ ವೇರಿಯಬಲ್ಲಿನಲ್ಲಿ ಹಿಡಿದಿಡದಿದ್ದರೆ, ಯಾರಿಗೂ ಬೇಡದ ವಸ್ತು ಎಂದು ಕಲೆಕ್ಟರ್ ಅದನ್ನು ತೆಗೆದುಬಿಡುತ್ತದೆ. ಲೈಬ್ರರಿಯ ಕೈಯಲ್ಲಿರುವ ವಿಳಾಸ ಆಗ ಯಾರೂ ಇಲ್ಲದ ಜಾಗಕ್ಕೆ ತೋರಿಸುತ್ತದೆ. ಪೈಥಾನ್‌ನಿಂದ ಸಿ ಲೈಬ್ರರಿಗಳನ್ನು ಕರೆಯಲು ಇರುವ ಸಿಟೈಪ್ಸ್ ಬಳಸುವವರಿಗೂ ಇದೇ ಎಚ್ಚರಿಕೆ ಅದರ ಅಧಿಕೃತ ದಾಖಲೆಯಲ್ಲೇ ಇದೆ.

ಸಿಟೈಪ್ಸ್ ಎಂದೆನಲ್ಲ, ಅದರಲ್ಲಿ ಇನ್ನೊಂದು ಹಳ್ಳ ಇದೆ, ವಿದ್ಯಾರ್ಥಿಗಳು ತಪ್ಪದೆ ಬೀಳುವುದು. ಸಿ ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ ಎಂದು ನಾವು ಹೇಳದಿದ್ದರೆ ಸಿಟೈಪ್ಸ್ ಅದನ್ನು ಸಾಮಾನ್ಯ ಪೂರ್ಣಾಂಕ ಎಂದು ಭಾವಿಸುತ್ತದೆ, ಅಂದರೆ 32 ಬಿಟ್. ಫಂಕ್ಷನ್ ಹಿಂದಿರುಗಿಸಿದ್ದು ಪಾಯಿಂಟರ್ ಆಗಿದ್ದರೆ 64 ಬಿಟ್‌ನ ವಿಳಾಸದ ಮೇಲಿನ ಅರ್ಧ ಉದುರಿಹೋಗುತ್ತದೆ. ವಿಳಾಸ ಸಣ್ಣದಿದ್ದರೆ ಏನೂ ಆಗುವುದಿಲ್ಲ, ದೊಡ್ಡದಿದ್ದರೆ ಪೈಥಾನ್ ಒಂದು ಮಾತೂ ಆಡದೆ ಸಾಯುತ್ತದೆ, ಎಕ್ಸೆಪ್ಶನ್ (ದೋಷದ ಸೂಚನೆ) ಕೂಡ ಇಲ್ಲ. ‘ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಇತ್ತು’ ಎಂಬ ಮಾತು ಹುಟ್ಟುವುದು ಇಂಥಲ್ಲೇ. ಹಿಂದಿರುಗುವ ಬಗೆಯನ್ನೂ ಕೊಡುವ ಬಗೆಯನ್ನೂ ಪ್ರತಿ ಫಂಕ್ಷನ್ನಿಗೂ ಕೈಯಾರೆ ಬರೆಯುವುದು ಬಿಟ್ಟರೆ ಬೇರೆ ಮದ್ದಿಲ್ಲ.

ಸಿ ಭಾಷೆಯ ‘ಲಾಂಗ್’ ಎಂಬ ಪೂರ್ಣಾಂಕದ ಬಗೆ ಕೂಡ ಹೀಗೆಯೇ ಕಾಡುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಅದು 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8. ಸಿ ಶಾರ್ಪ್‌ನ ಲಾಂಗ್ ಎಲ್ಲ ಕಡೆ 8. ಹೆಸರು ಒಂದೇ ಎಂದು ಹೊಂದಿಸಿದರೆ, ಕೋಷ್ಟಕದಲ್ಲಿ ಅದರ ಮುಂದಿನ ಎಲ್ಲ ಅಂಕಣಗಳೂ ಜರುಗುತ್ತವೆ.

ಗೋ ಭಾಷೆಯಲ್ಲಿ ವಿಳಾಸವನ್ನು ಪೂರ್ಣಾಂಕವಾಗಿ ಇಟ್ಟುಕೊಂಡರೆ ಅದರ ಕಲೆಕ್ಟರ್ ಅದನ್ನು ಉಲ್ಲೇಖ ಎಂದು ಎಣಿಸುವುದಿಲ್ಲ. ವಸ್ತು ಅಳಿಸಿಹೋಗಬಹುದು, ಸ್ಟ್ಯಾಕ್ (ಫಂಕ್ಷನ್ನುಗಳ ತಾತ್ಕಾಲಿಕ ಬೆಲೆಗಳಿರುವ ಮೆಮೊರಿ) ಬೆಳೆದು ಜಾಗ ಬದಲಾಗಬಹುದು. ಸಿ ಕೋಡಿಗೆ ಪಾಯಿಂಟರ್ ಕೊಡುವಾಗ ಪಾಲಿಸಬೇಕಾದ ನಿಯಮಗಳನ್ನು 2016ರಲ್ಲಿ ಬಂದ 1.6 ಆವೃತ್ತಿ ಗಟ್ಟಿ ಮಾಡಿತು. ಜಾವಾದಲ್ಲಿ ‘ಅನ್‌ಸೇಫ್’ ಎಂಬ ಹೆಸರಿನ ಒಂದು ಒಳಗಿನ ಕ್ಲಾಸನ್ನು ಲೈಬ್ರರಿ ಬರೆಯುವವರು ವರ್ಷಗಟ್ಟಲೆ ಬಳಸಿದರು. 2024ರ ಜಾವಾ 22ರಲ್ಲಿ ಉದ್ದವನ್ನೂ ಆಯುಸ್ಸನ್ನೂ ತಾನೇ ಪರೀಕ್ಷಿಸುವ ಹೊಸ ಮೆಮೊರಿ ಸೌಲಭ್ಯ ಸ್ಥಿರವಾಯಿತು, ಅದರ ಮುಂದಿನ ಆವೃತ್ತಿಯಲ್ಲಿ ಹಳೆಯ ಕ್ಲಾಸಿನ ಮೆಮೊರಿ ಮುಟ್ಟುವ ಮೆಥಡ್‌ಗಳನ್ನು ತೆಗೆದುಹಾಕುವುದಾಗಿ ಗುರುತು ಹಾಕಲಾಯಿತು. ಒಳ್ಳೆಯ ಬದಲಾವಣೆ.

ರಸ್ಟ್‌ನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಅಪಾಯ ಇನ್ನೊಂದು ಬಗೆಯದ್ದು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಬಂದ ಈ ಭಾಷೆಯಲ್ಲಿ ಗಾರ್ಬೇಜ್ ಕಲೆಕ್ಟರ್ ಇಲ್ಲ. ಒಂದು ವಸ್ತುವನ್ನು ಬದಲಿಸುವ ಹಕ್ಕು ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆ ಕಂಪೈಲರ್ ಮಾಡುತ್ತದೆ. ಹಸಿ ಪಾಯಿಂಟರನ್ನು ತಯಾರಿಸುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ, ಅದರ ಮೂಲಕ ಓದುವುದಕ್ಕೆ, ಬರೆಯುವುದಕ್ಕೆ ಮಾತ್ರ ಅನ್‌ಸೇಫ್ ಬೇಕು. ಅನ್‌ಸೇಫ್ ಎಂದು ಬರೆದರೆ ಎಲ್ಲ ಪರೀಕ್ಷೆಗಳೂ ನಿಲ್ಲುತ್ತವೆ ಎಂಬುದು ತಪ್ಪು ತಿಳುವಳಿಕೆ. ಹಸಿ ಪಾಯಿಂಟರ್ ಮೂಲಕ ಓದಿ ಬರೆಯುವಂಥ ಐದು ಬಗೆಯ ಹೆಚ್ಚುವರಿ ಕೆಲಸಗಳಿಗೆ ಮಾತ್ರ ಅನುಮತಿ ಸಿಗುತ್ತದೆ, ಉಳಿದ ಪರೀಕ್ಷೆ ಹಾಗೇ ನಡೆಯುತ್ತದೆ.

ಅಪಾಯ ಇರುವುದು ಕಂಪೈಲರಿನ ನಂಬಿಕೆಯಲ್ಲಿ. ಬದಲಿಸುವ ಹಕ್ಕು ಒಬ್ಬರಿಗೇ ಎಂದು ಖಚಿತವಾಗಿ ನಂಬಿಕೊಂಡೇ ಅದು ಕೋಡನ್ನು ಚುರುಕು ಮಾಡುತ್ತದೆ. ಈ ಬೆಲೆಯನ್ನು ಈಗಷ್ಟೇ ಓದಿದ್ದೇನೆ, ಬೇರೆ ಯಾರೂ ಬದಲಿಸಿರಲು ಸಾಧ್ಯವಿಲ್ಲ, ಮತ್ತೆ ಓದುವುದು ದಂಡ ಎಂದು ಆ ಓದನ್ನೇ ಕಿತ್ತುಹಾಕುತ್ತದೆ. ನಾವು ಹಸಿ ಪಾಯಿಂಟರ್ ಮೂಲಕ ಅದೇ ವಸ್ತುವಿಗೆ ಎರಡನೇ ಹಕ್ಕು ಹುಟ್ಟಿಸಿದ್ದರೆ, ಕಂಪೈಲರ್ ತನ್ನ ನಂಬಿಕೆಯಂತೆ ನಡೆದು ತಪ್ಪು ಉತ್ತರ ಕೊಡುತ್ತದೆ. ಪರೀಕ್ಷೆಗೆ ಕಟ್ಟಿದ ಡೀಬಗ್ ಬಿಲ್ಡಿನಲ್ಲಿ ಸರಿ, ಚುರುಕು ಮಾಡಿದ ರಿಲೀಸ್ ಬಿಲ್ಡಿನಲ್ಲಿ ತಪ್ಪು. ಕಂಪೈಲರಿನ ಆವೃತ್ತಿ ಬದಲಾದಾಗ ಇನ್ನೊಂದು ತಪ್ಪು. ಇಂಥ ಕೋಡಿನ ವರ್ತನೆ ಹೀಗೇ ಇರುತ್ತದೆ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಸುಬ್ರಹ್ಮಣ್ಯ ಎಂಬ ಹೆಸರಿನಲ್ಲಿ ಕಂಡದ್ದೇ ರಸ್ಟ್‌ನ ಸ್ವಂತ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೂ ಆಗಿದೆ. ಒಂದು ಪಠ್ಯವನ್ನು ಇಷ್ಟು ಸಲ ಪುನರಾವರ್ತಿಸು ಎನ್ನುವ ‘ರಿಪೀಟ್’ ಎಂಬ ಫಂಕ್ಷನ್ ಅದರಲ್ಲಿದೆ. ಪಠ್ಯದ ಉದ್ದವನ್ನು ಸಂಖ್ಯೆಯಿಂದ ಗುಣಿಸಿ ಅಷ್ಟು ಜಾಗ ತೆಗೆದುಕೊಂಡು, ಬಳಿಕ ಅನ್‌ಸೇಫ್ ಕೋಡಿನಲ್ಲಿ ವೇಗವಾಗಿ ನಕಲು ಮಾಡುತ್ತಿತ್ತು. ಗುಣಾಕಾರದ ಉತ್ತರ 64 ಬಿಟ್‌ನಲ್ಲಿ ಹಿಡಿಯದಷ್ಟು ದೊಡ್ಡದಾದರೆ ಸುತ್ತಿ ಬಂದು ಸಣ್ಣ ಸಂಖ್ಯೆಯಾಗುತ್ತದೆ. ಜಾಗ ಸಣ್ಣದು, ನಕಲು ದೊಡ್ಡದು. 2018ರಲ್ಲಿ ಇದು ಬೆಳಕಿಗೆ ಬಂದು 1.29.1 ಆವೃತ್ತಿಯಲ್ಲಿ ಸರಿಯಾಯಿತು. ತಿದ್ದಿದ್ದು ಪಾಯಿಂಟರಿನ ಸಾಲನ್ನಲ್ಲ, ಗುಣಾಕಾರವನ್ನು. ಉತ್ತರ ಹಿಡಿಯದಿದ್ದರೆ ಅಲ್ಲೇ ನಿಲ್ಲು ಎಂದರು. ಭಾಷೆಯನ್ನು ಕಟ್ಟಿದವರೇ, ಜಗತ್ತಿನ ಅತ್ಯಂತ ಎಚ್ಚರದ ಕಣ್ಣುಗಳ ಎದುರು ಬರೆದ ಕೋಡ್ ಅದು.

2021ರಲ್ಲಿ ಜಾರ್ಜಿಯಾ ಟೆಕ್‌ನ ಸಂಶೋಧಕರು ‘ರುದ್ರ’ ಎಂಬ ಹೆಸರಿನ ವಿಶ್ಲೇಷಣಾ ಉಪಕರಣವನ್ನು ರಸ್ಟ್‌ನ ಸಾರ್ವಜನಿಕ ಪ್ಯಾಕೇಜುಗಳ ಮೇಲೆ ಓಡಿಸಿದರು. ಸುಮಾರು 43,000 ಪ್ಯಾಕೇಜುಗಳಲ್ಲಿ ಅದುವರೆಗೆ ಯಾರಿಗೂ ಗೊತ್ತಿಲ್ಲದ 264 ಮೆಮೊರಿ ದೋಷಗಳು ಸಿಕ್ಕಿದವು. ಅದರಲ್ಲಿ ಒಂದು ಬಗೆಯನ್ನು ಹೇಳುತ್ತೇನೆ. ಅನ್‌ಸೇಫ್ ಕೋಡ್ ಒಂದು ವಸ್ತುವನ್ನು ಅರ್ಧ ಕಟ್ಟಿ, ನಡುವೆ ಬಳಕೆದಾರ ಕೊಟ್ಟ ಫಂಕ್ಷನ್ನನ್ನು ಕರೆಯುತ್ತದೆ. ಆ ಫಂಕ್ಷನ್ ಪ್ಯಾನಿಕ್ ಆದರೆ, ಅಂದರೆ ದೋಷ ಕಂಡು ಅರ್ಧಕ್ಕೇ ನಿಂತರೆ, ಅರ್ಧ ಕಟ್ಟಿದ ವಸ್ತುವನ್ನೇ ಪೂರ್ತಿ ಎಂದು ತಿಳಿದು ರಸ್ಟ್ ಅಳಿಸಲು ಹೊರಡುತ್ತದೆ. ಒಂದೇ ವಸ್ತು ಎರಡು ಸಲ ಅಳಿಸಿಹೋಗುತ್ತದೆ, ಅಥವಾ ಇನ್ನೂ ಹುಟ್ಟದ ವಸ್ತು ಅಳಿಸಿಹೋಗುತ್ತದೆ. ಪಾಯಿಂಟರ್ ಬಳಸುವಾಗ ನಡುದಾರಿಯಲ್ಲಿ ಏನಾದರೂ ಕೈಕೊಟ್ಟರೆ ಏನಾಗುತ್ತದೆ ಎಂದು ಯೋಚಿಸುವವರು ಕಡಿಮೆ.

ಇನ್ನೊಂದು ಉದಾಹರಣೆ ಲಿನಕ್ಸ್ ಕರ್ನಲಿನದ್ದು, ಅಂದರೆ ಆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನದ್ದು. ಆಂಡ್ರಾಯ್ಡ್‌ನಲ್ಲಿ ಪ್ರೋಗ್ರಾಮುಗಳ ನಡುವೆ ಮಾತುಕತೆ ನಡೆಸುವ ಬೈಂಡರ್ ಡ್ರೈವರನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆಯಲಾಗಿದೆ. 2025ರ ಡಿಸೆಂಬರಿನಲ್ಲಿ ಅದರಲ್ಲಿ ಒಂದು ದೋಷ ಕಂಡುಬಂತು, ಕರ್ನಲಿನ ರಸ್ಟ್ ಕೋಡಿಗೆ ಭದ್ರತಾ ದೋಷದ ಸಂಖ್ಯೆ ಸಿಕ್ಕಿದ್ದು ಅದೇ ಮೊದಲು. ಪಟ್ಟಿಯಿಂದ ಒಂದು ಕೊಂಡಿಯನ್ನು ಕಳಚುವ ಅನ್‌ಸೇಫ್ ಸಾಲು, ಈ ಕೊಂಡಿ ಬೇರೆ ಯಾವ ಪಟ್ಟಿಯಲ್ಲೂ ಇಲ್ಲ ಎಂದು ನಂಬಿತ್ತು. ಇನ್ನೊಂದು ಕಡೆಯ ಸಾಮಾನ್ಯ ಕೋಡ್ ಅದೇ ಪಟ್ಟಿಯ ಕೊಂಡಿಗಳನ್ನು ಬೇರೊಂದು ತಾತ್ಕಾಲಿಕ ಪಟ್ಟಿಗೆ ಸಾಗಿಸಿ, ಲಾಕ್ (ಒಂದು ಹೊತ್ತಿಗೆ ಒಬ್ಬರೇ ಮುಟ್ಟಲಿ ಎಂದು ಹಾಕುವ ಬೀಗ) ಬಿಟ್ಟು ಕೆಲಸ ಮಾಡುತ್ತಿತ್ತು. ಎರಡೂ ಒಂದೇ ಹೊತ್ತಿಗೆ ಹಿಂದು ಮುಂದಿನ ಪಾಯಿಂಟರುಗಳನ್ನು ತಿದ್ದಿದಾಗ ಪಟ್ಟಿ ಕೆಟ್ಟು ಕರ್ನಲ್ ಕುಸಿಯುತ್ತಿತ್ತು. ಇಲ್ಲೂ ಅನ್‌ಸೇಫ್ ಸಾಲು ತಾನಾಗಿ ತಪ್ಪು ಮಾಡಲಿಲ್ಲ, ಅದರ ನಂಬಿಕೆಯನ್ನು ಸುರಕ್ಷಿತ ಸಾಲೊಂದು ಮುರಿಯಿತು.

ಇದನ್ನೆಲ್ಲ ಓದಿ, ಸುರಕ್ಷಿತ ಭಾಷೆ ಎನ್ನುವುದೇ ಸುಳ್ಳು ಎಂದು ಯಾರೂ ತಿಳಿಯಬಾರದು. ಪೂರ್ತಿ ಪ್ರೋಗ್ರಾಮೇ ಹಸಿ ಪಾಯಿಂಟರುಗಳ ಮೇಲೆ ನಿಂತಾಗ ಆಗುವ ಹಾನಿ ಎಷ್ಟೋ ಪಟ್ಟು ದೊಡ್ಡದು. ಮೈಕ್ರೋಸಾಫ್ಟ್ ತಾನು ಪ್ರತಿವರ್ಷ ತಿದ್ದುವ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡ ಮೆಮೊರಿಯವು ಎಂದು 2019ರಲ್ಲಿ ಹೇಳಿತು. ಕ್ರೋಮ್ ಬ್ರೌಸರಿನವರು ಮರುವರ್ಷ ತಮ್ಮ ಗಂಭೀರ ದೋಷಗಳ ಬಗ್ಗೆ ಹೆಚ್ಚುಕಡಿಮೆ ಅದೇ ಅಂಕಿ ಕೊಟ್ಟರು. 2014ರ ಹಾರ್ಟ್‌ಬ್ಲೀಡ್ ದೋಷದಲ್ಲಿ, ಎದುರಿನವರು ಹೇಳಿದ ಉದ್ದವನ್ನು ಓಪನ್‌ಎಸ್‌ಎಸ್‌ಎಲ್ (ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಲೈಬ್ರರಿ) ಪರೀಕ್ಷಿಸದೆ ನಂಬಿ, ಒಂದೊಂದು ಸಲಕ್ಕೆ 64 ಕೆಬಿವರೆಗಿನ ಒಳಗಿನ ಮೆಮೊರಿಯನ್ನು ಕೊಟ್ಟುಬಿಡುತ್ತಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್ 85 ಲಕ್ಷದಷ್ಟು ವಿಂಡೋಸ್ ಕಂಪ್ಯೂಟರುಗಳನ್ನು ಮಲಗಿಸಿದ್ದು 21 ಮಾಹಿತಿ ಬೇಕಾದಲ್ಲಿ 20 ಮಾತ್ರ ಇದ್ದು, ಇಲ್ಲದ ಒಂದನ್ನು ಓದಲು ಹೋದದ್ದಕ್ಕೆ. ಆಂಡ್ರಾಯ್ಡ್‌ನವರು ಹೊಸ ಕೋಡನ್ನು ಸುರಕ್ಷಿತ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ ಅವರ ಭದ್ರತಾ ದೋಷಗಳಲ್ಲಿ ಮೆಮೊರಿಯ ಪಾಲು 2019ರಲ್ಲಿ 76 ಶೇಕಡ ಇದ್ದದ್ದು 2024ಕ್ಕೆ 24 ಶೇಕಡಕ್ಕೆ ಇಳಿಯಿತು. ಬಾಗಿಲು ಒಂದೆರಡೇ ಇದ್ದರೆ ಕಾವಲು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಬಾಗಿಲು ತೆಗೆಯಲೇಬೇಕಾದವರು ಏನು ಮಾಡಬೇಕು? ಮೊದಲು, ತೆಗೆಯದೆ ಆಗುತ್ತದೆಯೇ ನೋಡಿ. ಹೆಚ್ಚಿನ ಇಲೆಕ್ಟ್ರಾನಿಕ್ ತೂಕದ ಮಿಷನ್ನುಗಳಿಗೆ ಸೀರಿಯಲ್ ಪೋರ್ಟ್ ಇರುತ್ತದೆ, ತೂಕವನ್ನು ಸಾಲು ಸಾಲಾಗಿ ಪಠ್ಯವಾಗಿಯೇ ಕಳಿಸುತ್ತದೆ. ಅದನ್ನು ಯಾವ ಭಾಷೆಯಲ್ಲಾದರೂ ಓದಿ ಸಂಖ್ಯೆ ಮಾಡಿಕೊಳ್ಳಬಹುದು. ಕಂಪನಿಯ ಲೈಬ್ರರಿಯೂ ಬೇಡ, ಪಾಯಿಂಟರೂ ಬೇಡ. ಮಿಷನ್ ಕೊಳ್ಳುವ ಮೊದಲೇ ಅಂಗಡಿಯವರ ಜೊತೆ ಕೂತು ಇದೊಂದನ್ನು ವಿಚಾರಿಸಿಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಲೈಬ್ರರಿ ಬೇಕೇ ಬೇಕು ಎಂದಾದರೆ, ಪಾಯಿಂಟರ್ ಮುಟ್ಟುವ ಎಲ್ಲ ಕೋಡನ್ನೂ ಒಂದೇ ಫೈಲಿಗೆ ತನ್ನಿ. ಉದ್ದದ ಪರೀಕ್ಷೆಯನ್ನು ದೂರದ ಇನ್ನೊಂದು ಫಂಕ್ಷನ್ನಿಗೆ ಬಿಡದೆ, ನಕಲು ಮಾಡುವ ಸಾಲಿನ ಹಿಂದಿನ ಸಾಲಿನಲ್ಲೇ ಬೈಟ್ ಲೆಕ್ಕದಲ್ಲಿ ಮಾಡಿ. ಸಿ ಶಾರ್ಪ್‌ನಲ್ಲಿ 2018ರಿಂದ ಇರುವ ‘ಸ್ಪ್ಯಾನ್’ ಬಳಸಿದರೆ ವಿಳಾಸದ ಜೊತೆ ಉದ್ದವೂ ಇರುತ್ತದೆ. 32 ಬೈಟಿನ ಸ್ಪ್ಯಾನಿಗೆ 33 ಬೈಟಿನ ಹೆಸರು ತುಂಬಲು ಹೋದರೆ ಅಲ್ಲೇ ಎಕ್ಸೆಪ್ಶನ್ ಬರುತ್ತದೆ, ಚೀಟಿ ಮುದ್ರಣವಾಗುವುದಿಲ್ಲ. ತಪ್ಪು ತೂಕಕ್ಕಿಂತ ಚೀಟಿಯೇ ಬಾರದಿರುವುದು ಮೇಲು. ಒಂದು ಎಚ್ಚರಿಕೆ: ಸಿ ಶಾರ್ಪ್‌ನ ‘ಮಾರ್ಷಲ್’ ಕ್ಲಾಸಿನ ಮೂಲಕ ಅನ್‌ಸೇಫ್ ಎಂಬ ಪದವನ್ನೇ ಬರೆಯದೆ ಹಸಿ ಮೆಮೊರಿ ಮುಟ್ಟಬಹುದು. ಅನ್‌ಸೇಫ್ ಎಂದು ಹುಡುಕಿದರೆ ಏನೂ ಸಿಗಲಿಲ್ಲ ಎಂದು ನೆಮ್ಮದಿಪಡಬೇಡಿ, ಮಾರ್ಷಲ್ ಎಂದೂ ಹುಡುಕಿ.

ಪ್ರತಿ ಅನ್‌ಸೇಫ್ ಸಾಲಿನ ಮೇಲೆ ಅದು ಯಾವುದನ್ನು ನಂಬಿದೆ ಎಂದು ಬರೆಯಿರಿ. ರಸ್ಟ್‌ನವರಲ್ಲಿ ಇದು ಪದ್ಧತಿಯೇ ಆಗಿದೆ. ‘ಸುರಕ್ಷಿತವಾಗಿದೆ’ ಎಂದಷ್ಟೇ ಬರೆದ ಕಮೆಂಟ್ ಯಾರಿಗೂ ಉಪಯೋಗವಿಲ್ಲ. ‘ಹೆಸರು ಕೊನೆಯ ಸೊನ್ನೆ ಸೇರಿ 32 ಬೈಟ್ ಮೀರಿಲ್ಲ, ಮೇಲಿನ ಸಾಲಿನಲ್ಲಿ ಪರೀಕ್ಷಿಸಿದೆ, ಈ ಕರೆ ಮುಗಿದ ಮೇಲೆ ಲೈಬ್ರರಿ ಈ ವಿಳಾಸವನ್ನು ಬಳಸುವುದಿಲ್ಲ’ ಎಂದು ಬರೆಯಿರಿ. ಕೊನೆಯ ಮಾತು ಬರೆಯುವಾಗ ಕೈ ತಡೆಯುತ್ತದೆ, ಲೈಬ್ರರಿ ನಿಜಕ್ಕೂ ಬಳಸುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಕಂಪನಿಯ ಕೈಪಿಡಿಯಲ್ಲಿ ಉತ್ತರ ಇಲ್ಲದಿದ್ದರೆ ಅವರಿಗೆ ಪತ್ರ ಬರೆದು ಕೇಳಿ. ಉತ್ತರ ಬರುವವರೆಗೆ, ಲೈಬ್ರರಿ ಆ ವಿಳಾಸವನ್ನು ಹಿಡಿದಿಟ್ಟುಕೊಂಡಿದೆ ಎಂದೇ ತಿಳಿದು, ಪ್ರೋಗ್ರಾಮ್ ಮುಗಿಯುವವರೆಗೆ ಕದಲದ ಮೆಮೊರಿಯನ್ನೇ ಕೊಡಿ.

ಪರೀಕ್ಷೆಗೆ ಉಪಕರಣಗಳಿವೆ. ರಸ್ಟ್‌ಗೆ ‘ಮಿರಿ’ ಇದೆ, ಕೋಡನ್ನು ನಿಧಾನವಾಗಿ ಓಡಿಸುತ್ತಾ ಹಕ್ಕಿನ ನಿಯಮ ಮುರಿದ ಸಾಲನ್ನೇ ತೋರಿಸುತ್ತದೆ. ಸಿ ಕೋಡ್ ನಿಮ್ಮ ಕೈಯಲ್ಲಿದ್ದರೆ ಮೆಮೊರಿ ತಪ್ಪು ಹಿಡಿಯುವ ‘ಅಡ್ರೆಸ್ ಸ್ಯಾನಿಟೈಜರ್’ ಹಾಕಿ ಕಂಪೈಲ್ ಮಾಡಬಹುದು, ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಅಂಥದ್ದೇ ಇನ್ನೊಂದು ಉಪಕರಣವಾದ ವಾಲ್‌ಗ್ರೈಂಡ್ ಅಡಿಯಲ್ಲಿ ಓಡಿಸಬಹುದು. ಆದರೆ ಇವೆಲ್ಲ ಓಡಿದ ದಾರಿಯನ್ನು ಮಾತ್ರ ನೋಡುತ್ತವೆ. ಪರೀಕ್ಷೆಗೆ ಕೊಡುವ ಹೆಸರುಗಳಲ್ಲಿ ಒತ್ತಕ್ಷರ ತುಂಬಿದ ಕನ್ನಡ ಹೆಸರು, ಉದ್ದದ ಮಲಯಾಳಂ ಮನೆಹೆಸರು, ಪೂರಾ ಖಾಲಿ ಹೆಸರು ಇರದಿದ್ದರೆ ಉಪಕರಣವೂ ಏನೂ ಹೇಳುವುದಿಲ್ಲ.

ಮೂಲ ಕೋಡ್ ಸಿಗದ, ನಂಬಿಕೆಗೆ ತಕ್ಕದ್ದಲ್ಲದ ಲೈಬ್ರರಿಯಾದರೆ ನಾನು ಒಂದೇ ದಾರಿ ಹೇಳುತ್ತೇನೆ. ಅದನ್ನು ಬೇರೆಯೇ ಪ್ರೋಸೆಸ್ಸಿನಲ್ಲಿ, ಅಂದರೆ ತನ್ನದೇ ಮೆಮೊರಿ ಇರುವ ಬೇರೆ ಪ್ರೋಗ್ರಾಮಾಗಿ, ಓಡಿಸಿ. ಮಿಷನ್ನಿನ ಜೊತೆ ಮಾತಾಡುವುದಷ್ಟೇ ಕೆಲಸವಾಗಿರುವ ಒಂದು ಸಣ್ಣ ಪ್ರೋಗ್ರಾಮ್, ತೂಕವನ್ನು ಒಂದು ಸಾಲು ಪಠ್ಯವಾಗಿ ಪೈಪ್ (ಎರಡು ಪ್ರೋಗ್ರಾಮುಗಳ ನಡುವೆ ಮಾಹಿತಿ ಸಾಗಿಸುವ ದಾರಿ) ಮೂಲಕ ಮುಖ್ಯ ಪ್ರೋಗ್ರಾಮಿಗೆ ಕೊಡಲಿ. ಕೃಷಿಕರ ಹೆಸರು, ದರ, ಲೆಕ್ಕಪುಸ್ತಕ ಯಾವುದೂ ಆ ಪ್ರೋಸೆಸ್ಸಿನ ಮೆಮೊರಿಯೊಳಗೆ ಇರಕೂಡದು. ಲೈಬ್ರರಿ ಅಲ್ಲಿ ತನ್ನ ಮೆಮೊರಿ ಕೆಡಿಸಿಕೊಂಡರೂ ಲೆಕ್ಕಪುಸ್ತಕಕ್ಕೆ ಏನೂ ಆಗುವುದಿಲ್ಲ, ಸತ್ತರೆ ಮತ್ತೆ ಎಬ್ಬಿಸಬಹುದು. ಬಂದ ಸಾಲಿನಲ್ಲಿ ತೂಕ ಮಿಷನ್ನಿನ ಮಿತಿಯೊಳಗೆ ಇದೆಯೇ, ಹಿಂದಿನ ಸಾಲಿಗೂ ಇದಕ್ಕೂ ಹೊಂದುತ್ತದೆಯೇ ಎಂದು ಮುಖ್ಯ ಪ್ರೋಗ್ರಾಮ್ ಪ್ರತಿ ಸಲವೂ ಪರೀಕ್ಷಿಸಲಿ. ಪೈಪಿಗೆ ತಗಲುವ ಹೊತ್ತು ಮಿಲಿಸೆಕೆಂಡಿನ ಲೆಕ್ಕದ್ದು, ಗೋಣಿ ಮಿಷನ್ನಿನ ಮೇಲೆ ಅಲುಗಾಡುವುದು ನಿಲ್ಲಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.